ಪತ್ತಿನ ಅಂಕವೂ ಮೋಟಾರು ಕಾರಿನ ಸಾಲವೂ

ಹೊಸಪೇಟೆಗೂ ಹಂಪಿಗೂ ನಡುವೆ ಕಮಲಾಪುರವೆಂಬ ಊರಿದೆ. ಅಲ್ಲಿನ ನನ್ನ ಪರಿಚಯದ ಯುವಕರೊಬ್ಬರು ಹನ್ನೊಂದು ವರ್ಷಗಳಿಂದ ಪರರ ಕಾರನ್ನು ಓಡಿಸುತ್ತ, ಪ್ರವಾಸಿಗಳಿಗೆ ವಿಠ್ಠಲ ದೇವಾಲಯ, ಕಮಲ ಮಹಲು, ದರೋಜಿಯ ಕರಡಿಧಾಮಗಳನ್ನು ತೋರಿಸಿ ಜೀವನ ಸಾಗಿಸುತ್ತಿದ್ದಾರೆ. ಯಾರಿಗೂ ಒಂದು ಕಾಸು ಬಾಕಿಯಿಟ್ಟವರಲ್ಲ. ಸ್ವಂತದ್ದೊಂದು ಕಾರು ಕೊಳ್ಳಬೇಕೆಂದು ಕಳೆದ ವರ್ಷ ಸಾಲ ಕೇಳಲು ಹೋದರು, ಬರಿಗೈಯಲ್ಲಿ ಹಿಂದಿರುಗಿದರು. ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅವರು ಹೇಳಿದ ಮಾತು ಇದು: “ಸಾಲ ಮಾಡಿದೋರಿಗೆ ಸಾಲ ಕೊಡ್ತಾರಂತೆ, ಮಾಡ್ದೇ ಇದ್ದೋರಿಗೆ ಇಲ್ಲಂತೆ ಸಾರ್. ನಂದು ಮೈನಸ್ ಒಂದು ಅಂತ ಬಂತು. ಸೊನ್ನೆಗಿಂತ ಕೆಳಗೆ ಹೋಗೋ ಅಂಥದ್ದು ನಾನೇನು ಮಾಡೀನಿ?”

ಅವರ ಪ್ರಶ್ನೆ ನ್ಯಾಯವಾದುದೇ. ಆದರೆ ಆ ‘ಮೈನಸ್ ಒಂದು’ ಎಂಬುದು ಅಂಕವೇ ಅಲ್ಲ. ಭಾರತದಲ್ಲಿ ಪತ್ತಿನ ಅಂಕ 300ರಿಂದ 900ರವರೆಗೆ ಇರುತ್ತದೆ; ಅಳೆಯಲು ಏನೂ ಸಿಗದಿದ್ದಾಗ ಗಣಕವು −1 ಎಂಬ ಗುರುತನ್ನು ಹಾಕಿ ಮುಂದೆ ಹೋಗುತ್ತದೆ. ಉಷ್ಣಮಾಪಕವು ಸೊನ್ನೆಯನ್ನು ತೋರಿಸುವುದು ಬೇರೆ, ಉಷ್ಣಮಾಪಕವನ್ನೇ ಇಡದಿರುವುದು ಬೇರೆ. ಮೊದಲನೆಯದು ಚಳಿಯ ಸುದ್ದಿ. ಎರಡನೆಯದು ಯಾವ ಸುದ್ದಿಯೂ ಅಲ್ಲ. ಇವೆರಡನ್ನೂ ಒಂದೆಂದು ಎಣಿಸುವ ತಪ್ಪನ್ನು ಪ್ರಯೋಗಶಾಲೆಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಮಾಡುತ್ತಾರೆ. ಸಾಲ ಕೊಡುವ ಮೇಜಿನ ಹಿಂದೆ ದೊಡ್ಡವರೂ ಮಾಡುತ್ತಾರೆ.

‘ಪತ್ತು’ ಎಂಬ ಮಾತು ನಮಗೆ ಹೊಸದಲ್ಲ. ಪತ್ತಿನ ಸಹಕಾರ ಸಂಘಗಳು ನಮ್ಮ ಊರೂರಿನಲ್ಲಿ ಉಂಟು. ಊರಿನಲ್ಲಿ ಒಬ್ಬನಿಗೆ ಪತ್ತು ಇದೆಯೆಂದರೆ ಅವನ ಮಾತಿನ ಮೇಲೆ ಅಂಗಡಿಯವರು ಸಾಮಾನು ಕೊಡುತ್ತಾರೆಂದು ಅರ್ಥ. ಚೀಟಿ ನಡೆಸುವವರು ಯಾರ ಮನೆಯ ಒಲೆ ಹೇಗೆ ಉರಿಯುತ್ತಿದೆಯೆಂಬುದನ್ನು ಬಲ್ಲರು. ಅವರಿಗೆ ಅಂಕದ ಅಗತ್ಯವಿಲ್ಲ. ಆದರೆ ಕಾರಿನ ಸಾಲವನ್ನು ಮಂಜೂರು ಮಾಡತಕ್ಕ ಅಧಿಕಾರಿ ಅರ್ಜಿದಾರನನ್ನು ಕಂಡವನೇ ಅಲ್ಲ. ಕಾಣದವನನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರದ ಮೂಲವು ಒಂದು ಹೂವಿನಲ್ಲಿದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

1936ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಐರಿಸ್ ಎಂಬ ಹೂವಿನ ಮೂರು ಜಾತಿಗಳನ್ನು ಕುರಿತು ಒಂದು ಲೇಖನವನ್ನು ಬರೆದನು. 150 ಹೂಗಳು, ಪ್ರತಿಯೊಂದಕ್ಕೂ ಎಸಳುಗಳ ಉದ್ದ ಅಗಲಗಳನ್ನು ಕುರಿತ ನಾಲ್ಕು ಅಳತೆಗಳು. ಯಾವುದೇ ಒಂದು ಅಳತೆಯಿಂದ ಜಾತಿಯನ್ನು ಖಚಿತವಾಗಿ ಹೇಳಲಾಗದು. ಆದರೆ ನಾಲ್ಕಕ್ಕೂ ತಕ್ಕ ತೂಕಗಳನ್ನು ಕೊಟ್ಟು ಕೂಡಿಸಿದರೆ ಬರುವ ಒಂದೇ ಸಂಖ್ಯೆಯು ಜಾತಿಗಳನ್ನು ಚೆನ್ನಾಗಿ ಬೇರ್ಪಡಿಸಬಲ್ಲುದೆಂದು ಅವನು ತೋರಿಸಿದನು. ಐದು ವರ್ಷಗಳ ತರುವಾಯ, 1941ರಲ್ಲಿ, ಅಮೆರಿಕದ ಡೇವಿಡ್ ಡ್ಯೂರಾಂಡ್ ಎಂಬಾತನು ಹೂಗಳ ಸ್ಥಾನದಲ್ಲಿ ಸಾಲಗಾರರನ್ನಿಟ್ಟನು. ಎಸಳಿನ ಉದ್ದಕ್ಕೆ ಬದಲಾಗಿ ಉದ್ಯೋಗದಲ್ಲಿರುವ ಕಾಲ, ಒಂದೇ ವಿಳಾಸದಲ್ಲಿರುವ ಕಾಲ ಮುಂತಾದುವು ಬಂದುವು. 1956ರಲ್ಲಿ ಬಿಲ್ ಫೇರ್ ಎಂಬ ಇಂಜಿನಿಯರನೂ ಅರ್ಲ್ ಐಸಾಕ್ ಎಂಬ ಗಣಿತಜ್ಞನೂ ಸೇರಿ ಇದನ್ನೇ ಒಂದು ವ್ಯಾಪಾರವನ್ನಾಗಿ ಮಾಡಿದರು. ನಮ್ಮಲ್ಲಿ ಸಿಬಿಲ್ ಸಂಸ್ಥೆ ಹುಟ್ಟಿದುದು 2000ದಲ್ಲಿ. ಇಂಥ ಸಂಸ್ಥೆಗಳನ್ನು ನಿಯಂತ್ರಿಸುವ ಕಾಯಿದೆ ಬಂದುದು 2005ರಲ್ಲಿ. ಈಗ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ಆದರೂ ಜನರ ಬಾಯಲ್ಲಿ ಎಲ್ಲವೂ ‘ಸಿಬಿಲ್’ ಆಗಿಯೇ ಉಳಿದಿದೆ.

ಈ ಸಂಸ್ಥೆಗಳು ತಮ್ಮ ಸೂತ್ರವನ್ನು ಬಹಿರಂಗಪಡಿಸುವುದಿಲ್ಲ. ಆದರೆ ಇಂಥ ಅಂಕಗಳನ್ನು ಕಟ್ಟುವ ಸಾಮಾನ್ಯ ಕ್ರಮವು ಗುಟ್ಟೇನೂ ಅಲ್ಲ. ಸಾಲ ತೀರಿಸದ ಒಬ್ಬನಿಗೆ ಪ್ರತಿಯಾಗಿ ತೀರಿಸುವವರು ಎಷ್ಟು ಮಂದಿ ಎಂದು ಎಣಿಸುವುದು ಮೊದಲ ಹೆಜ್ಜೆ. ಒಂದು ಗುಂಪಿನಲ್ಲಿ ಒಬ್ಬನಿಗೆ ಹತ್ತು ಮಂದಿ, ಇನ್ನೊಂದರಲ್ಲಿ ಇಪ್ಪತ್ತು, ಮತ್ತೊಂದರಲ್ಲಿ ನಲವತ್ತು ಎಂದು ಇಟ್ಟುಕೊಳ್ಳೋಣ. ಪ್ರಮಾಣವು ಒಮ್ಮೆ ಇಮ್ಮಡಿಯಾದರೆ ಅಂಕಕ್ಕೆ ಇಷ್ಟು ಕೂಡಿಸಬೇಕು, ಮತ್ತೊಮ್ಮೆ ಇಮ್ಮಡಿಯಾದರೆ ಮತ್ತೆ ಅಷ್ಟೇ ಕೂಡಿಸಬೇಕು. ಧ್ವನಿಯ ಡೆಸಿಬೆಲ್, ಭೂಕಂಪದ ರಿಕ್ಟರ್, ನಕ್ಷತ್ರಗಳ ಕಾಂತಿಮಾನ ಇವೆಲ್ಲ ಇದೇ ಜಾತಿಯ ಮಾಪಕಗಳು. ಗಣಿತದಲ್ಲಿ ಇದಕ್ಕೆ ಲಾಗರಿದಮ್ ಎಂದು ಹೆಸರು. ಆದುದರಿಂದ 750 ಅಂಕದವನು 375 ಅಂಕದವನಿಗಿಂತ ಎರಡು ಪಾಲು ನಂಬಿಗಸ್ಥನೆಂದು ತಿಳಿಯುವುದು ತಪ್ಪು.

ಇನ್ನು ಇತಿಹಾಸವೇ ಇಲ್ಲದವನ ಮಾತು. ಈ ಪ್ರಶ್ನೆಯನ್ನು ಎರಡು ಶತಮಾನಗಳಿಗೂ ಹಿಂದೆಯೇ ಫ್ರಾನ್ಸಿನ ಲಾಪ್ಲಾಸನು ಬೇರೆ ರೂಪದಲ್ಲಿ ಕೇಳಿದ್ದನು: ಇಷ್ಟು ದಿನ ತಪ್ಪದೆ ಹುಟ್ಟಿದ ಸೂರ್ಯನು ನಾಳೆಯೂ ಹುಟ್ಟುವನೆಂಬುದರ ಸಂಭವನೀಯತೆ ಎಷ್ಟು? ಮೊದಲಿಗೆ ಏನನ್ನೂ ಅರಿಯದವನು n ಸಲ ನೋಡಿ, ಒಮ್ಮೆಯೂ ತಪ್ಪಿದುದನ್ನು ಕಾಣದಿದ್ದರೆ, ಮುಂದಿನ ಸಲ ತಪ್ಪುವ ಸಂಭವನೀಯತೆಯನ್ನು n+2ರಲ್ಲಿ ಒಂದು ಪಾಲು ಎಂದು ಎಣಿಸಬೇಕೆಂದು ಅವನ ನಿಯಮ. ಕಂತುಗಳಿಗೆ ಇದನ್ನು ಹಚ್ಚಿ ನೋಡೋಣ. ಒಂದು ಕಂತನ್ನೂ ಕಟ್ಟದವನ ವಿಷಯದಲ್ಲಿ ಉತ್ತರ ಎರಡರಲ್ಲೊಂದು. ಹನ್ನೆರಡು ಕಂತು ಕಟ್ಟಿದವನಿಗೆ ಹದಿನಾಲ್ಕರಲ್ಲೊಂದು. ಇಪ್ಪತ್ತನಾಲ್ಕು ಕಟ್ಟಿದವನಿಗೆ ಇಪ್ಪತ್ತಾರರಲ್ಲೊಂದು. ಮೂವತ್ತಾರು ಕಟ್ಟಿದವನಿಗೆ ಮೂವತ್ತೆಂಟರಲ್ಲೊಂದು. ಮೊದಲನೆಯ ವರ್ಷದಲ್ಲಿ ಸಂಶಯವು ಎಷ್ಟು ವೇಗವಾಗಿ ಕುಸಿಯುತ್ತದೆ, ಮೂರನೆಯ ವರ್ಷದಲ್ಲಿ ಎಷ್ಟು ಮೆಲ್ಲಗೆ ಎಂಬುದನ್ನು ವಾಚಕರು ಗಮನಿಸಬೇಕು. ಕಮಲಾಪುರದ ಯುವಕರಿಗೆ ಮುಖ್ಯವಾದ ಸಂಗತಿ ಇದೇ. ಅವರಿಗೆ ಬೇಕಾದುದು ಹತ್ತು ವರ್ಷದ ಇತಿಹಾಸವಲ್ಲ. ಮೊದಲಿನ ಕೆಲವು ತಿಂಗಳುಗಳದು.

ಬ್ಯಾಂಕು ಲಾಪ್ಲಾಸನಷ್ಟು ಅಜ್ಞಾನದಿಂದ ಹೊರಡುವುದಿಲ್ಲವೆಂಬುದೂ ನಿಜ. ಅರ್ಜಿದಾರನಂಥ ಇತರರು ಹೇಗೆ ನಡೆದುಕೊಂಡರೆಂಬ ಲೆಕ್ಕ ಅದರ ಬಳಿ ಇರುತ್ತದೆ. ಹಾಗಿದ್ದರೂ ಅವನನ್ನು ಕುರಿತೇ ಹೇಳುವ ಅಳತೆ ಒಂದೂ ಇಲ್ಲದಿದ್ದಾಗ ಸಂಶಯಕ್ಕೆ ಒಂದು ಬೆಲೆ ಕಟ್ಟುತ್ತದೆ. ಆ ಬೆಲೆಯೇ ಹೆಚ್ಚಿನ ಬಡ್ಡಿ. ಆರು ಲಕ್ಷ ರೂಪಾಯಿಯನ್ನು ಐದು ವರ್ಷಕ್ಕೆ ಸಾಲವಾಗಿ ಪಡೆದರೆ ನೂರಕ್ಕೆ 9ರ ಬಡ್ಡಿಯಲ್ಲಿ ಮಾಸಿಕ ಕಂತು 12,455 ರೂಪಾಯಿ. ನೂರಕ್ಕೆ 12ರಲ್ಲಿ 13,347. ತಿಂಗಳಿಗೆ 892 ರೂಪಾಯಿ ಎಂದರೆ ಅಲ್ಪವೆನಿಸುತ್ತದೆ. ಅರುವತ್ತು ತಿಂಗಳಿಗೆ ಅದು 53,520 ರೂಪಾಯಿ. ‘ನನ್ನ ವಿಷಯ ಅವರಿಗೆ ಗೊತ್ತಿಲ್ಲ’ ಎಂಬುದಕ್ಕೆ ತೆರುವ ದಂಡವಿದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾರೆ. ಬ್ಯಾಂಕಿನಲ್ಲಿ ಸಿಗದೆ ಹೊರಗೆ ಹೋದವರಿಗೆ ‘ನಮ್ಮಲ್ಲೂ ಒಂಬತ್ತೇ’ ಎಂದು ಹೇಳುವವರು ಸಿಗುತ್ತಾರೆ. ಅದು ‘ಫ್ಲಾಟ್’ ಒಂಬತ್ತು ಆಗಿರಬಹುದು. ಅಂದರೆ, ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿಯನ್ನು ಮಾತ್ರ ಮೊದಲ ದಿನದ ಆರು ಲಕ್ಷದ ಮೇಲೆಯೇ ಐದು ವರ್ಷವೂ ಹಾಕುತ್ತಾರೆ. ಬಡ್ಡಿ 2,70,000, ಕಂತು 14,500. ಕರಗುವ ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಇದು ನೂರಕ್ಕೆ ಸುಮಾರು 15.7 ಆಗುತ್ತದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಸಾಲಗಾರನಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಟ್ಟು, ಎಲ್ಲ ಖರ್ಚನ್ನೂ ಸೇರಿಸಿದ ವಾರ್ಷಿಕ ದರವನ್ನು ಅದರಲ್ಲಿ ಕಾಣಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಸಹಿಗೆ ಮುಂಚೆ ಆ ಪತ್ರವನ್ನು ಕೇಳಿ ಪಡೆದು ಮನೆಗೆ ತಂದು ಓದಬೇಕು.

ಸಾಲ ಕೊಡುವವರಿಗೆ ಮನುಷ್ಯನೊಬ್ಬನೇ ಆಧಾರವಲ್ಲ, ಕಾರೂ ಆಧಾರ. 1988ರ ಮೋಟಾರು ವಾಹನ ಕಾಯಿದೆಯ 51ನೆಯ ಪ್ರಕರಣದಂತೆ ಕಾರಿನ ನೋಂದಣಿ ಪತ್ರದಲ್ಲಿಯೇ ‘ಹೈಪೊಥಿಕೇಶನ್’ ಎಂದು ಸಾಲ ಕೊಟ್ಟವರ ಹೆಸರು ದಾಖಲಾಗುತ್ತದೆ. ಕಾರು ನಮ್ಮ ಮನೆಯ ಮುಂದೆ ನಿಂತಿದ್ದರೂ ಸಾಲ ತೀರಿ ಆ ಹೆಸರು ತೆಗೆಯುವವರೆಗೆ ಅದನ್ನು ಪರಭಾರೆ ಮಾಡುವಂತಿಲ್ಲ. ಹೀಗಿರುವಲ್ಲಿ ಮನುಷ್ಯನ ಇತಿಹಾಸ ಏಕೆ ಬೇಕು ಎಂದು ಕೇಳಬಹುದು. ಉತ್ತರ ಸರಳ: ಕಾರು ಚಿನ್ನವಲ್ಲ, ಸವೆಯುತ್ತದೆ.

ವಿಮೆಯವರು ಕಾರಿನ ಬೆಲೆ ಕಟ್ಟಲು ಒಂದು ಸವಕಳಿಯ ಕೋಷ್ಟಕವನ್ನು ಬಳಸುತ್ತಾರೆ. ಮೊದಲ ಆರು ತಿಂಗಳಿಗೆ ನೂರಕ್ಕೆ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಪೇಟೆಯ ಬೆಲೆ ಇದಕ್ಕಿಂತ ಹೆಚ್ಚುಕಡಿಮೆ ಇರಬಹುದು, ಆದರೆ ಲೆಕ್ಕಕ್ಕೆ ಇದು ಸಾಕು. ಎಂಟು ಲಕ್ಷದ ಕಾರಿಗೆ ಒಬ್ಬರು ಪೂರ್ತಿ ಎಂಟು ಲಕ್ಷವನ್ನೂ ನೂರಕ್ಕೆ 12ರಂತೆ ಏಳು ವರ್ಷಕ್ಕೆ ಸಾಲ ಪಡೆದರೆಂದು ಊಹಿಸಿಕೊಳ್ಳೋಣ. ಕಂತು 14,122 ರೂಪಾಯಿ. ಎರಡು ವರ್ಷ ತಪ್ಪದೆ ಕಟ್ಟಿದ ಮೇಲೂ ಬಾಕಿ ಸುಮಾರು 6,35,000. ಮೂರನೆಯ ವರ್ಷಕ್ಕೆ ಕಾಲಿಟ್ಟ ಕಾರಿನ ಬೆಲೆ 5,60,000. ಆ ದಿನ ಕಾರನ್ನು ಮಾರಿದರೂ 75,000 ರೂಪಾಯಿಯ ಸಾಲ ಹೆಗಲ ಮೇಲೆ ಉಳಿಯುತ್ತದೆ. ಇನ್ನೊಬ್ಬರು ಎರಡು ಲಕ್ಷವನ್ನು ಕೈಯಿಂದ ಹಾಕಿ ಆರು ಲಕ್ಷವನ್ನು ಅದೇ ದರದಲ್ಲಿ ಐದು ವರ್ಷಕ್ಕೆ ಪಡೆದರೆ ಕಂತು ತಿಂಗಳಿಗೆ 775 ರೂಪಾಯಿ ಕಡಿಮೆ. ಎರಡು ವರ್ಷದ ಕೊನೆಗೆ ಬಾಕಿ ಸುಮಾರು 4,02,000. ಕಾರು ಸಾಲಕ್ಕಿಂತ ಒಂದೂವರೆ ಲಕ್ಷದಷ್ಟು ಮೇಲೆಯೇ ನಿಂತಿರುತ್ತದೆ.

ಕಾರಿನ ಬೆಲೆಯು ಮೊದಲಿನಿಂದಲೇ ಇಳಿಯುತ್ತದೆ. ದೀರ್ಘ ಸಾಲದ ಬಾಕಿಯಾದರೋ ಮೊದಲು ಮೆಲ್ಲಗೆ, ಆಮೇಲೆ ಬೇಗ ಇಳಿಯುತ್ತದೆ, ಏಕೆಂದರೆ ಆರಂಭದ ಕಂತುಗಳ ಬಹುಭಾಗ ಬಡ್ಡಿಗೇ ಸಲ್ಲುತ್ತದೆ. ಎರಡು ರೇಖೆಗಳನ್ನು ಒಂದೇ ಕಾಗದದ ಮೇಲೆ ಎಳೆದು ನೋಡಿದರೆ, ಬಾಕಿಯ ರೇಖೆ ಮೇಲಿರುವಷ್ಟು ಕಾಲವೂ ಸಾಲ ಕೊಟ್ಟವರಿಗೆ ಮನುಷ್ಯನ ಮೇಲಿನ ನಂಬಿಕೆಯೊಂದೇ ಗತಿ. ಕೈಯಿಂದ ಹೆಚ್ಚು ಹಣ ಹಾಕಿದವನು ಆ ನಂಬಿಕೆಯ ಹೊರೆಯನ್ನು ಇಳಿಸುತ್ತಾನೆ. ಇತಿಹಾಸವಿಲ್ಲದವನು ಬಡ್ಡಿಯ ವಿಷಯದಲ್ಲಿ ಚೌಕಾಸಿ ಮಾಡುವುದಕ್ಕಿಂತ ಒಂದು ವರ್ಷ ತಡೆದು ಮುಂಗಡವನ್ನು ಕೂಡಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ನಮ್ಮ ಪ್ರಾಂತದ ಜನರಿಗೆ ಇತಿಹಾಸವೇ ಇಲ್ಲವೆ? ಉಂಟು, ಆದರೆ ಸರಿಯಾದ ಕಡತದಲ್ಲಿಲ್ಲ. ಹಂಪಿಯ ಚಾಲಕರು ಚೀಟಿ ಕಟ್ಟುತ್ತಾರೆ. ಒಂದು ಕಂತೂ ತಪ್ಪಿಸದೆ ಹತ್ತು ಚೀಟಿ ಮುಗಿಸಿದರೂ ಅದು ಚೀಟಿಯವರ ನೋಟುಪುಸ್ತಕದಲ್ಲಿ ಉಳಿಯುತ್ತದೆ. ಕಂಪ್ಲಿಯ ಭತ್ತದ ರೈತರು ಬ್ಯಾಂಕಿನಿಂದ ಬೆಳೆಸಾಲ ಪಡೆದಿದ್ದರೆ ಅದು ಪತ್ತಿನ ವರದಿಗೆ ಸೇರುತ್ತದೆ; ಗೊಬ್ಬರದಂಗಡಿಯ ಉದ್ದರಿ ಸೇರುವುದಿಲ್ಲ. ಸಂಡೂರಿನ ಗಣಿಗಳಲ್ಲಿ ಸಂಬಳಕ್ಕಿರುವವರಿಗೆ ತಿಂಗಳ ಆದಾಯದ ಕಾಗದವಿರುತ್ತದೆ. ದಿನಗೂಲಿಯವರಿಗೆ ಅದೂ ಇರುವುದಿಲ್ಲ. ಹೀಗೆ ವರ್ಷಗಟ್ಟಲೆ ಸಂಪಾದಿಸಿದ ಪತ್ತು ಊರ ಗಡಿಯನ್ನು ದಾಟುವುದಿಲ್ಲ.

ಅದನ್ನು ದಾಟಿಸುವ ದಾರಿಗಳು ಕೆಲವು ಈಗ ತೆರೆದಿವೆ. ಫೋನಿನ ಮೂಲಕ ಯುಪಿಐಯಲ್ಲಿ ಬಂದ ಪ್ರತಿ ಬಾಡಿಗೆಯೂ ಬ್ಯಾಂಕಿನ ಖಾತೆಯಲ್ಲಿ ಒಂದು ಗೆರೆಯಾಗಿ ನಿಲ್ಲುತ್ತದೆ. ಒಂದು ವರ್ಷದ ಅಂಥ ಖಾತೆಯ ವಿವರ, ಆದಾಯ ತೆರಿಗೆಯ ವಿವರಪಟ್ಟಿ ಇವು ಆದಾಯದ ಅಳತೆಗಳೇ ಸರಿ. 2021ರ ಸೆಪ್ಟೆಂಬರಿನಿಂದ ‘ಅಕೌಂಟ್ ಅಗ್ರಿಗೇಟರ್’ ಎಂಬ ಏರ್ಪಾಡೂ ನಡೆಯುತ್ತಿದೆ: ಖಾತೆದಾರನು ಒಪ್ಪಿಗೆ ಕೊಟ್ಟರೆ ಒಂದು ಬ್ಯಾಂಕಿನಲ್ಲಿರುವ ಅವನ ಖಾತೆಯ ವಿವರ ಇನ್ನೊಂದು ಬ್ಯಾಂಕಿಗೆ ನೇರವಾಗಿ ತಲುಪುತ್ತದೆ. ಆದುದರಿಂದ ಬಾಡಿಗೆಯ ಹಣವನ್ನು ಜೇಬಿನಲ್ಲಿಟ್ಟು ಖರ್ಚು ಮಾಡುವುದಕ್ಕಿಂತ ಖಾತೆಯ ಮೂಲಕ ಹಾಯಿಸುವುದು ಮೇಲು. ಹಲವು ವರ್ಷಗಳಿಂದ ಖಾತೆಯಿರುವ ಬ್ಯಾಂಕಿನಲ್ಲಿಯೇ ಮೊದಲು ಕೇಳಬೇಕು. ರೈತರಿಗೆ ಇನ್ನೊಂದು ಮಾತು: ಟ್ರಾಕ್ಟರಿನ ಸಾಲಕ್ಕೆ ಸುಗ್ಗಿಯನ್ನು ನೋಡಿಕೊಂಡು ಅರ್ಧ ವರ್ಷಕ್ಕೊಂದು ಕಂತು ಇಡುವ ರೂಢಿ ಉಂಟು, ಕಾರಿಗೂ ಹಾಗೆ ಸಾಧ್ಯವೇ ಎಂದು ಕೇಳುವುದರಲ್ಲಿ ನಷ್ಟವಿಲ್ಲ.

ಇತಿಹಾಸವನ್ನು ಹೊಸದಾಗಿ ಆರಂಭಿಸುವ ಅಗ್ಗದ ಉಪಾಯವೆಂದರೆ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡು. ಠೇವಣಿ ಬ್ಯಾಂಕಿನಲ್ಲೇ ಇರುವುದರಿಂದ ಅವರು ಇತಿಹಾಸವನ್ನು ಕೇಳುವುದಿಲ್ಲ. ತಿಂಗಳಿಗೊಮ್ಮೆ ಪೆಟ್ರೋಲು ಹಾಕಿಸಿ, ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಆಯಿತು. ‘ಕನಿಷ್ಠ ಮೊತ್ತ’ ಎಂದು ಅಚ್ಚಾಗಿರುವುದನ್ನು ಮಾತ್ರ ಕಟ್ಟಿ ಉಳಿಸಿಕೊಂಡರೆ ತಿಂಗಳಿಗೆ ನೂರಕ್ಕೆ ಮೂರಕ್ಕೂ ಮೀರಿದ ಬಡ್ಡಿ ಬೀಳಬಹುದು, ಔಷಧವೇ ವಿಷವಾಗುತ್ತದೆ. ಸುಮಾರು ಆರು ತಿಂಗಳಲ್ಲಿ −1 ಹೋಗಿ ಮೂರಂಕಿಯ ಸಂಖ್ಯೆಯೊಂದು ಕಾಣಿಸುತ್ತದೆ. ಅಷ್ಟರಲ್ಲಿ ಹತ್ತು ಕಡೆ ಸಾಲದ ಅರ್ಜಿ ಹಾಕಬಾರದು. ಪ್ರತಿ ಅರ್ಜಿಯ ವಿಚಾರಣೆಯೂ ದಾಖಲಾಗುತ್ತದೆ. ಒಟ್ಟೊಟ್ಟಿಗೆ ಬಂದ ವಿಚಾರಣೆಗಳನ್ನು ಕಂಡರೆ ಇವನಿಗೆ ಹಣದ ತುರ್ತು ಬಹಳವೆಂದು ಸೂತ್ರವು ಅನುಮಾನಿಸುತ್ತದೆ.

ಇತಿಹಾಸವುಳ್ಳ ಹೆಂಡತಿಯೋ ಅಣ್ಣನೋ ಸಹ ಅರ್ಜಿದಾರರಾದರೆ, ಅಥವಾ ಜಾಮೀನು ನಿಂತರೆ, ಕೆಲಸ ಸುಲಭ. ಆದರೆ ಜಾಮೀನೆಂಬುದು ಉಪಚಾರದ ಸಹಿಯಲ್ಲ. ಕಂತು ತಪ್ಪಿದರೆ ಜಾಮೀನುದಾರನ ಅಂಕವೂ ಕುಸಿಯುತ್ತದೆ.

ನಿಯಮವೂ ಈಗ ಹೊಸಬರ ಪರವಾಗಿದೆ. ಪತ್ತಿನ ಇತಿಹಾಸವಿಲ್ಲವೆಂಬ ಒಂದೇ ಕಾರಣದಿಂದ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯ ನಿರ್ದೇಶನದಲ್ಲಿ ಸಾಲಸಂಸ್ಥೆಗಳಿಗೆ ಸೂಚಿಸಿದೆ. ಕನಿಷ್ಠ ಇಷ್ಟು ಅಂಕ ಇರಲೇಬೇಕೆಂಬ ವಿಧಿಯಿಲ್ಲವೆಂದು ಅದೇ ವರ್ಷ ಕೇಂದ್ರ ಹಣಕಾಸು ಸಚಿವಾಲಯವು ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು. ಇದರಿಂದ ಸಾಲ ಸಿಕ್ಕೇ ಸಿಗುತ್ತದೆಂದು ಭಾವಿಸಬಾರದು. ಬೇರೆ ಕಾರಣವನ್ನು ತೋರಿಸಿ ನಿರಾಕರಿಸುವ ಸ್ವಾತಂತ್ರ್ಯ ಬ್ಯಾಂಕಿಗೆ ಇದ್ದೇ ಇದೆ. ಆದರೆ ‘−1 ಬಂದಿದೆ, ಆಗದು’ ಎಂಬುದು ಉತ್ತರವಲ್ಲ; ಕಾರಣ ಕೇಳಬಹುದು.

ಅಂಕದ ಶಾಸ್ತ್ರಕ್ಕೆ ಒಂದು ದೊಡ್ಡ ಕುರುಡು ಉಂಟು. ಅದನ್ನು ನಮ್ಮ ಸೀಮೆಗಿಂತ ಚೆನ್ನಾಗಿ ಬಲ್ಲವರು ವಿರಳ. ನೂರು ಸಾಲಗಾರರಲ್ಲಿ ತಲಾ ನೂರಕ್ಕೆ ನಾಲ್ಕರಂತೆ ತಪ್ಪುವ ಸಂಭವವಿದ್ದರೆ, ಸರಾಸರಿ ನಾಲ್ವರು ತಪ್ಪುತ್ತಾರೆ. ಆ ಸಂಖ್ಯೆ ಎರಡರಷ್ಟು ಅತ್ತಿತ್ತ ಆಗುವುದು ಸಹಜ. ಹತ್ತನ್ನು ಮೀರುವುದು ತೀರ ಅಪರೂಪ. ಆದರೆ ಈ ಲೆಕ್ಕವು ನೂರು ಜನರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಚಿಮ್ಮಿದ ನಾಣ್ಯಗಳಂತೆ ಎಂಬ ಊಹೆಯ ಮೇಲೆ ನಿಂತಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಸಾರ್ವಜನಿಕ ವಲಯದ ಎನ್.ಎಂ.ಡಿ.ಸಿ.ಗೆ ಮಾತ್ರ ಮುಂದಿನ ತಿಂಗಳು ಮಿತವಾದ ಅನುಮತಿ ದೊರೆಯಿತು. ಪರಿಸರಕ್ಕೂ ಕಾನೂನಿಗೂ ಆಗಿದ್ದ ಹಾನಿಯನ್ನು ನೋಡಿದರೆ ಆ ತೀರ್ಪಿಗೆ ಕಾರಣವಿತ್ತು. ಆದರೆ ಸಂಡೂರು ಹೊಸಪೇಟೆಗಳ ರಸ್ತೆಗಳಲ್ಲಿ ಸಾಲದ ಮೇಲೆ ಕೊಂಡ ಲಾರಿಗಳು ನಿಂತಲ್ಲಿಯೇ ನಿಂತುವು. ಹಿಂದಿನ ತಿಂಗಳವರೆಗೆ ತಪ್ಪದೆ ಕಟ್ಟಿದವನೂ ಕಳ್ಳಾಟದವನೂ ಒಂದೇ ದಿನ ಕಂತು ತಪ್ಪಿಸುವ ಸ್ಥಿತಿಗೆ ಬಂದರು. ನಾಣ್ಯಗಳೆಲ್ಲ ಒಂದೇ ಹುರಿಗೆ ಕಟ್ಟಲ್ಪಟ್ಟಿದ್ದುವು. ಅಂಕದ ಸೂತ್ರಕ್ಕೆ ಕಾಣುವುದು ತಪ್ಪಿದ ಕಂತು, ಏಕೆ ತಪ್ಪಿತೆಂಬುದಲ್ಲ.

2020ರ ಮಾರ್ಚಿನಲ್ಲಿ ಹಂಪಿಯ ಸ್ಮಾರಕಗಳ ಬಾಗಿಲು ಮುಚ್ಚಿದಾಗ ಚಾಲಕರಿಗೂ ಮಾರ್ಗದರ್ಶಿಗಳಿಗೂ ಅದೇ ಗತಿಯಾಯಿತು. ಆ ಸಲ ರಿಸರ್ವ್ ಬ್ಯಾಂಕು ಮಾರ್ಚ್ 27ರಂದು ಕಂತುಗಳನ್ನು ಮುಂದೂಡಲು ಅವಕಾಶ ಮಾಡಿ, ಆಗಸ್ಟ್ 31ರವರೆಗೆ ಅದನ್ನು ಬೆಳೆಸಿ, ಆ ಅವಧಿಯ ಮುಂದೂಡಿಕೆಯನ್ನು ತಪ್ಪೆಂದು ದಾಖಲಿಸಬಾರದೆಂದು ವಿಧಿಸಿತು. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಇಂಥ ಪ್ರಾಂತದಲ್ಲಿರುವವರು ಕಂತಿನ ಲೆಕ್ಕ ಹಾಕುವಾಗ ಒಳ್ಳೆಯ ತಿಂಗಳನ್ನು ಆಧಾರವಾಗಿಟ್ಟುಕೊಳ್ಳಬಾರದು. ಹಂಪಿಯ ಚಾಲಕರಿಗೆ ಅಳತೆಗೋಲು ಡಿಸೆಂಬರ್ ಅಲ್ಲ, ಮೇ ತಿಂಗಳ ಬಿಸಿಲು.

ಕಮಲಾಪುರದ ಯುವಕರು ಮೂವತ್ತು ಸಾವಿರದ ಠೇವಣಿಯಿಟ್ಟು ಕಾರ್ಡು ಪಡೆದರು. ಎಂಟು ತಿಂಗಳ ತರುವಾಯ ವರದಿಯನ್ನು ತರಿಸಿದೆವು. ವರ್ಷಕ್ಕೊಮ್ಮೆ ಪ್ರತಿ ಸಂಸ್ಥೆಯೂ ಅದನ್ನು ಉಚಿತವಾಗಿ ಕೊಡತಕ್ಕದ್ದು. −1 ಹೋಗಿ ಏಳುನೂರರ ಮೇಲಿನ ಅಂಕವೊಂದು ಬಂದಿತ್ತು. ಆದರೆ ವಿಳಾಸದಲ್ಲಿ ಜಿಲ್ಲೆ ಇನ್ನೂ ಬಳ್ಳಾರಿಯೆಂದೇ ಇತ್ತು; ವಿಜಯನಗರ ಜಿಲ್ಲೆಯಾದುದು 2021ರಲ್ಲಿ. ತಂದೆಯ ಹೆಸರಿನ ಒಂದು ಅಕ್ಷರವೂ ಆಧಾರ್ ಕಾರ್ಡಿಗೆ ಹೊಂದುತ್ತಿರಲಿಲ್ಲ. ತಿದ್ದುಪಡಿಯ ದೂರನ್ನು ಮೂವತ್ತು ದಿನಗಳಲ್ಲಿ ಇತ್ಯರ್ಥಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ದೂರುದಾರನಿಗೆ ನೂರು ರೂಪಾಯಿ ಪರಿಹಾರ ಸಲ್ಲಬೇಕೆಂದು 2024ರ ಏಪ್ರಿಲಿನಿಂದ ನಿಯಮವಿದೆ. ದೂರು ಕೊಟ್ಟೆವು, ಇಪ್ಪತ್ತೆರಡನೆಯ ದಿನ ತಿದ್ದಿಬಂತು. ಬಾಡಿಗೆಗೆ ಓಡಿಸುವ ಕಾರಿಗೆ ಸಾಲದ ಬಗೆಯೇ ಬೇರೆ, ಹಳದಿ ಫಲಕ ಮತ್ತು ಪರವಾನಗಿಗಳ ಖರ್ಚೂ ಬೇರೆ. ಆದುದರಿಂದ ಅವರು ಮುಂಗಡಕ್ಕೆಂದು ಇನ್ನೂ ಅರುವತ್ತು ಸಾವಿರವನ್ನು ಕೂಡಿಸುತ್ತಿದ್ದಾರೆ. ದಸರೆಯ ರಜೆಯ ಬಾಡಿಗೆಗಳು ಚೆನ್ನಾಗಿ ಆದರೆ ದೀಪಾವಳಿಯ ಹೊತ್ತಿಗೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದ್ದಾರೆ.